ಇಪ್ಪತ್ತೆಂಟು ದಿನಗಳ ಗಡುವು ಮತ್ತು ಮೇಲ್ಮನವಿಯ ಹಕ್ಕು

ಊರಿನಿಂದ ದೂರವಾಣಿ ಕರೆ ಬರುತ್ತದೆ. ತಾಯಿ ಹಾಸಿಗೆ ಹಿಡಿದಿದ್ದಾರೆ, ಒಮ್ಮೆ ಬಂದು ನೋಡಿ ಹೋಗು. ಸಿಡ್ನಿಯಲ್ಲೋ ಮೆಲ್ಬರ್ನ್‌ನಲ್ಲೋ ಇಪ್ಪತ್ತು ವರ್ಷಗಳಿಂದ ನೆಲೆಸಿರುವ ಮಗ, ಅಪಘಾತವೊಂದರಲ್ಲಿ ಬೆನ್ನುಹುರಿಗೆ ಏಟು ತಗುಲಿ ದುಡಿಯುವ ಶಕ್ತಿ ಕಳೆದುಕೊಂಡವ. ಅಲ್ಲಿನ ಸರಕಾರ ನೀಡುವ ವಿಕಲಚೇತನರ ಪಿಂಚಣಿಯಲ್ಲೇ ಅವನ ಸಂಸಾರ ಸಾಗುತ್ತಿದೆ. ಒಂದು ತಿಂಗಳಿನ ಲೆಕ್ಕ ಹಾಕಿಕೊಂಡು ಅವನು ವಿಮಾನ ಹತ್ತುತ್ತಾನೆ. ಊರಿಗೆ ಬಂದ ಇಪ್ಪತ್ತನೆಯ ದಿನ ತಾಯಿಗೆ ಪಾರ್ಶ್ವವಾಯು ಬಡಿಯುತ್ತದೆ. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಎರಡು ತಿಂಗಳ ನಂತರ ತಾಯಿ ತೀರಿಕೊಳ್ಳುತ್ತಾರೆ. ಬಂದದ್ದು ಬಂದಾಯಿತು, ಆಸ್ತಿಯ ಪಾಲು ಮುಗಿಸಿ, ತಂಗಿಯ ನಿಕಾಹ್ ನೋಡಿಕೊಂಡು ಹೋಗು ಎಂದು ಹಿರಿಯರು ಹೇಳುತ್ತಾರೆ. ಐದು ತಿಂಗಳ ಬಳಿಕ ಅವನು ಮರಳಿ ಹೋಗಿ ಬಾಗಿಲು ತೆರೆದರೆ ಒಳಗೆ ಬಿದ್ದಿರುವುದು ಒಂದು ಪತ್ರ. ಪಿಂಚಣಿ ರದ್ದಾಗಿದೆ.

ಇದು ಯಾವುದೇ ಒಬ್ಬ ವ್ಯಕ್ತಿಯ ಕಥೆಯಲ್ಲ. ನಾವು ಕಲ್ಪಿಸಿಕೊಂಡ ಸನ್ನಿವೇಶ. ಆದರೆ ವಿದೇಶದಲ್ಲಿ ಬಂಧುಗಳಿರುವ ನಮ್ಮ ಓದುಗರಿಗೆ ಇದರಲ್ಲಿ ಅಪರಿಚಿತವಾದದ್ದು ಏನೂ ಇರಲಾರದು. ಆಸ್ಟ್ರೇಲಿಯದ 2021ರ ಜನಗಣತಿಯಂತೆ ಅಲ್ಲಿರುವ ಭಾರತ ಸಂಜಾತರ ಸಂಖ್ಯೆ ಸುಮಾರು 6.73 ಲಕ್ಷ. ಆ ಗಣತಿಯಲ್ಲಿ ಹೊರದೇಶಗಳಲ್ಲಿ ಹುಟ್ಟಿ ಅಲ್ಲಿ ನೆಲೆಸಿದವರಲ್ಲಿ ಇಂಗ್ಲೆಂಡಿನವರ ನಂತರದ ಸ್ಥಾನ ಭಾರತೀಯರದ್ದಾಗಿತ್ತು. ಗಲ್ಫ್ ದೇಶಗಳಿಗೆ ಹೋದವರು ದುಡಿದು ಮರಳಿ ಬರುತ್ತಾರೆ. ಆಸ್ಟ್ರೇಲಿಯಕ್ಕೆ ಹೋದವರು ಅಲ್ಲೇ ನೆಲೆಯೂರುತ್ತಾರೆ, ಅಲ್ಲೇ ಮುದುಕರಾಗುತ್ತಾರೆ, ಕಾಯಿಲೆ ಬೀಳುತ್ತಾರೆ. ಹೀಗಿರುವಾಗ ಅಲ್ಲಿನ ಪಿಂಚಣಿ ಕಾನೂನು ನಮಗೇಕೆ ಎಂದು ಕೇಳುವಂತಿಲ್ಲ. ಏಕೆಂದರೆ ಆ ಮಗನ ಮೇಲ್ಮನವಿ ಗೆಲ್ಲುವುದೋ ಸೋಲುವುದೋ ಎಂಬುದನ್ನು ನಿರ್ಧರಿಸುವ ಕಾಗದ ಇರುವುದು ಸಿಡ್ನಿಯಲ್ಲಲ್ಲ, ನಮ್ಮ ಊರಿನ ಆಸ್ಪತ್ರೆಯ ದಾಖಲೆ ಕೊಠಡಿಯಲ್ಲಿ.

ಮೊದಲು ಒಂದಿಷ್ಟು ಇತಿಹಾಸ. ಆಸ್ಟ್ರೇಲಿಯದ ಸಂಸತ್ತು ವೃದ್ಧರಿಗೆ ಮತ್ತು ದುಡಿಯಲಾಗದವರಿಗೆ ಪಿಂಚಣಿ ಕೊಡುವ ಕಾಯಿದೆಯನ್ನು ಅಂಗೀಕರಿಸಿದ್ದು 1908ರಲ್ಲಿ. ಅಶಕ್ತರ ಪಿಂಚಣಿ ಜಾರಿಗೆ ಬಂದದ್ದು 1910ರ ಡಿಸೆಂಬರ್‌ನಲ್ಲಿ. ಜಗತ್ತಿನ ಬಹುಪಾಲು ದೇಶಗಳು ಅಂಗವಿಕಲನನ್ನು ಭಿಕ್ಷೆಗೆ ಬಿಟ್ಟಿದ್ದ ಕಾಲದಲ್ಲಿ ಇದು ಮೆಚ್ಚತಕ್ಕ ಹೆಜ್ಜೆಯೇ ಆಗಿತ್ತು. ವಿಪರ್ಯಾಸವೆಂದರೆ ಅದೇ ಕಾಯಿದೆಯು ಆಸ್ಟ್ರೇಲಿಯದಲ್ಲಿ ಹುಟ್ಟದ ಏಷ್ಯನ್ನರನ್ನೂ ಆ ನೆಲದ ಮೂಲನಿವಾಸಿಗಳನ್ನೂ ಹೆಸರಿಸಿಯೇ ಹೊರಗಿಟ್ಟಿತ್ತು. 1860ರಿಂದೀಚೆಗೆ ಒಂಟೆಗಳನ್ನು ನಡೆಸಿಕೊಂಡು ಹೋಗಿ ಆ ಮರುಭೂಮಿಯ ಒಡಲಿಗೆ ಸರಕು ಸಾಗಿಸಿದವರು ಇಂದಿನ ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ಭಾರತದ ಪ್ರದೇಶಗಳಿಂದ ಹೋದ ಮುಸ್ಲಿಮರು. ಅಡಿಲೇಡ್ ನಗರದಲ್ಲಿ 1880ರ ದಶಕದ ಕೊನೆಯಲ್ಲಿ ಮಸೀದಿ ಕಟ್ಟಿದವರೂ ಅವರೇ. ಅವರು ಮುದುಕರಾದಾಗ ಕಾಯಿದೆ ಅವರನ್ನು ಏಷ್ಯನ್ನರೆಂದು ಕರೆಯಿತು. 1922ರಲ್ಲಿ ವಿ.ಎಸ್. ಶ್ರೀನಿವಾಸ ಶಾಸ್ತ್ರಿಯವರು ಆ ದೇಶದಲ್ಲಿ ಪ್ರವಾಸ ಮಾಡಿ ಅಲ್ಲಿನ ಭಾರತೀಯರ ಹಕ್ಕುಗಳ ಪ್ರಶ್ನೆಯನ್ನೆತ್ತಿದರು. 1925ರಲ್ಲಿ ಬ್ರಿಟಿಷ್ ಭಾರತದಲ್ಲಿ ಹುಟ್ಟಿದವರಿಗೆ ಮತದಾನದ ಹಕ್ಕು, 1926ರಲ್ಲಿ ಪಿಂಚಣಿಯ ಹಕ್ಕು ಸಿಕ್ಕಿತು. ಅಂದರೆ ಅಲ್ಲಿನ ಭಾರತೀಯನಿಗೆ ಪಿಂಚಣಿ ತಾನಾಗಿ ದಕ್ಕಿದ್ದಲ್ಲ. ಕೇಳಿದ್ದರಿಂದ ದಕ್ಕಿದ್ದು.

ಇಂದು ಆ ದೇಶದ ಕಾನೂನಿನಲ್ಲಿ ಜನಾಂಗದ ಹೆಸರಿಲ್ಲ. 1991ರಲ್ಲಿ ಹಳೆಯ ಅಶಕ್ತರ ಪಿಂಚಣಿಯ ಜಾಗಕ್ಕೆ 'ಡಿಸೆಬಿಲಿಟಿ ಸಪೋರ್ಟ್ ಪೆನ್ಷನ್' ಬಂತು. ಆದರೆ ಪಿಂಚಣಿದಾರ ದೇಶದ ಹೊರಗೆ ಎಷ್ಟು ದಿನ ಇರಬಹುದು ಎಂಬ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ನೋಡಿದರೆ ಕಳೆದ ಎರಡೂವರೆ ದಶಕಗಳಲ್ಲಿ ಆದದ್ದೇನೆಂದು ಸ್ಪಷ್ಟವಾಗುತ್ತದೆ. 2000ದಲ್ಲಿ ಈ ಮಿತಿ 26 ವಾರಗಳಿತ್ತು. 2004ರ ಜುಲೈಯಿಂದ ಅದು 13 ವಾರಗಳಾಯಿತು. 2013ರ ಜನವರಿಯಿಂದ 6 ವಾರ. 2015ರ ಜನವರಿ 1ರಿಂದ ಹನ್ನೆರಡು ತಿಂಗಳಲ್ಲಿ ಒಟ್ಟು 4 ವಾರ, ಅಂದರೆ 28 ದಿನ. ಈ ಕೊನೆಯ ಬದಲಾವಣೆಯನ್ನು ಗಮನವಿಟ್ಟು ನೋಡಬೇಕು. ಅದಕ್ಕೆ ಮುಂಚೆ ಲೆಕ್ಕ ಪ್ರತಿಯೊಂದು ಪ್ರಯಾಣಕ್ಕೆ ಪ್ರತ್ಯೇಕವಾಗಿತ್ತು. ಐದು ವಾರ ಊರಿಗೆ ಬಂದು ಹೋಗಿ, ಕೆಲವು ತಿಂಗಳ ನಂತರ ಮತ್ತೆ ಬರಬಹುದಿತ್ತು. ಈಗ ಎಲ್ಲ ಪ್ರಯಾಣಗಳ ದಿನಗಳನ್ನೂ ಕೂಡಿಸಲಾಗುತ್ತದೆ. ಅದೂ ಜನವರಿಯಿಂದ ಡಿಸೆಂಬರ್‌ವರೆಗಿನ ವರ್ಷವಲ್ಲ, ಹಿಂದಿನ ಹನ್ನೆರಡು ತಿಂಗಳುಗಳನ್ನು ಸದಾ ಬೆನ್ನಿಗೆ ಕಟ್ಟಿಕೊಂಡು ಉರುಳುವ ಲೆಕ್ಕ. ರಮಝಾನ್‌ನಲ್ಲಿ ಎರಡು ವಾರ ಊರಿಗೆ ಬಂದು ಹೋದವನಿಗೆ ಅದೇ ವರ್ಷ ತಂದೆಯ ಮರಣಕ್ಕೆ ಉಳಿಯುವುದು ಎರಡೇ ವಾರ. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತೋರಿಸಿದ ಮಾಹಿತಿ ವಲಸೆ ಇಲಾಖೆಯಿಂದ ಪಿಂಚಣಿ ಇಲಾಖೆಗೆ ತಾನಾಗಿಯೇ ತಲುಪುತ್ತದೆ. ಯಾರಿಗೂ ಹೇಳದೆ ಬಂದೆ ಎಂಬ ಮಾತಿಗೆ ಅಲ್ಲಿ ಅರ್ಥವಿಲ್ಲ.

ಇದಕ್ಕಿಂತ ದೊಡ್ಡ ವಿಪರ್ಯಾಸ ಇನ್ನೊಂದಿದೆ. ಅದೇ ದೇಶದಲ್ಲಿ 67 ವರ್ಷ ತುಂಬಿ ವೃದ್ಧಾಪ್ಯ ಪಿಂಚಣಿ ಪಡೆಯುವವರಿಗೆ ಇಂಥ ಗಡುವು ಇಲ್ಲ. ಅವರು ಎಷ್ಟು ಕಾಲ ಬೇಕಾದರೂ ಹೊರಗಿರಬಹುದು. 26 ವಾರಗಳ ನಂತರ, ದುಡಿಯುವ ವಯಸ್ಸಿನಲ್ಲಿ ಅಲ್ಲಿ ವಾಸಿಸಿದ ವರ್ಷಗಳು 35ಕ್ಕಿಂತ ಕಡಿಮೆಯಿದ್ದರೆ ಮೊತ್ತ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ, ಅಷ್ಟೇ. ಅರವತ್ತಾರರ ಅಂಗವಿಕಲ 28 ದಿನಗಳಿಗೆ ಕಟ್ಟುಬಿದ್ದಿದ್ದಾನೆ, ಅವನ ಪಕ್ಕದ ಮನೆಯ ಅರವತ್ತೇಳರ ಆರೋಗ್ಯವಂತ ವರ್ಷಗಟ್ಟಲೆ ಊರಿನಲ್ಲಿರಬಹುದು. ಇಬ್ಬರೂ ತೆರಿಗೆದಾರನ ಹಣದಿಂದಲೇ ಬದುಕುವವರು. ಹಾಗಿರುವಾಗ ಈ ವ್ಯತ್ಯಾಸಕ್ಕೆ ಏನು ಸಮರ್ಥನೆ?

ಸಮರ್ಥನೆ ಇಲ್ಲವೆಂದಲ್ಲ. ವಿಕಲಚೇತನರ ಪಿಂಚಣಿಗೆ ಯಾರೂ ಮುಂಗಡವಾಗಿ ವಂತಿಗೆ ಕಟ್ಟಿರುವುದಿಲ್ಲ, ಅದು ಸಾಮಾನ್ಯ ತೆರಿಗೆಯ ಹಣ. ಅಂಗವೈಕಲ್ಯ ಗುಣವಾಗಬಹುದು, ಪುನರ್ವಸತಿ ಸಾಧ್ಯವಾಗಬಹುದು, ಆದ್ದರಿಂದ ಪಿಂಚಣಿದಾರ ಚಿಕಿತ್ಸೆಗೂ ಕೆಲಸದ ಅವಕಾಶಕ್ಕೂ ಹತ್ತಿರದಲ್ಲಿರಬೇಕು ಎಂಬುದು ಸರಕಾರದ ವಾದ. ಅಗ್ಗದ ದೇಶದಲ್ಲಿ ಮನೆ ಮಾಡಿಕೊಂಡು ಆಸ್ಟ್ರೇಲಿಯದ ಪಿಂಚಣಿಯಲ್ಲಿ ಬದುಕುವುದು ಆ ಹಣದ ಉದ್ದೇಶವಲ್ಲ ಎಂಬುದನ್ನೂ ನಾವು ಒಪ್ಪುತ್ತೇವೆ. ಆದರೆ ಈ ವಾದ 26 ವಾರಗಳ ಮಿತಿಗೂ ಸಲ್ಲುತ್ತದೆ, 13 ವಾರಗಳ ಮಿತಿಗೂ ಸಲ್ಲುತ್ತದೆ. ಒಟ್ಟು 28 ದಿನಕ್ಕೆ ಇಳಿಸಿದ ಮೇಲೆ ಅದು ಮೋಸಗಾರನನ್ನು ಹಿಡಿಯುವ ಬಲೆಯಾಗಿ ಉಳಿಯುವುದಿಲ್ಲ. ಎರಡು ಖಂಡಗಳಲ್ಲಿ ಹಂಚಿಹೋದ ಕುಟುಂಬದ ಸಾಮಾನ್ಯ ಸುಖದುಃಖವನ್ನೇ ಅಪರಾಧದಂತೆ ಕಾಣುವ ಲೆಕ್ಕವಾಗುತ್ತದೆ. ತಂದೆತಾಯಿ, ಅಣ್ಣತಮ್ಮಂದಿರು ಎಲ್ಲರೂ ಅದೇ ನಗರದಲ್ಲಿರುವ ಪಿಂಚಣಿದಾರನಿಗೆ ಈ ನಿಯಮದ ಬಿಸಿ ತಟ್ಟುವುದೇ ಇಲ್ಲ. ತಟ್ಟುವುದು ವಲಸಿಗನಿಗೆ. ಕಾನೂನಿನಲ್ಲಿ ಜನಾಂಗದ ಹೆಸರಿಲ್ಲದಿದ್ದರೂ ಭಾರ ಬೀಳುವ ಹೆಗಲು ಯಾವುದೆಂದು ಊಹಿಸುವುದು ಕಷ್ಟವಲ್ಲ.

ಪಿಂಚಣಿ ರದ್ದಾಯಿತೆಂದರೆ ಏನಾಗುತ್ತದೆ? ಕೆಲವು ವಾರಗಳ ಹಣ ಹೋಯಿತು, ಮರಳಿ ಬಂದ ಮೇಲೆ ಮತ್ತೆ ಶುರುವಾಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಪಾವತಿಯನ್ನು ತಡೆಹಿಡಿಯುವುದು ಬೇರೆ, ಪಿಂಚಣಿಯನ್ನು ರದ್ದುಪಡಿಸುವುದು ಬೇರೆ. ಗೈರುಹಾಜರಿ ಉದ್ದವಾಗಿ ಪಿಂಚಣಿಯೇ ರದ್ದಾದರೆ ಹೊಸದಾಗಿ ಅರ್ಜಿ ಹಾಕಬೇಕು, ಆ ಹೊಸ ಅರ್ಜಿಯನ್ನು ಇಂದಿನ ಮಾನದಂಡದಲ್ಲಿ ಅಳೆಯಲಾಗುತ್ತದೆ. ದೇಹದ ಊನವನ್ನು ಅಂಕಗಳಲ್ಲಿ ಅಳೆಯುವ ಕೋಷ್ಟಕಗಳು 2012ರಲ್ಲಿ ಬದಲಾದವು, 2023ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಪರಿಷ್ಕರಣೆಗೊಂಡವು. ಕನಿಷ್ಠ 20 ಅಂಕ ಬರಬೇಕು, ಮುಂದಿನ ಎರಡು ವರ್ಷ ವಾರಕ್ಕೆ 15 ಗಂಟೆಯಷ್ಟು ಕೆಲಸವನ್ನೂ ಮಾಡಲಾಗದು ಎಂದು ಸಾಬೀತಾಗಬೇಕು. 2005ರಲ್ಲಿ ಪಿಂಚಣಿ ಪಡೆದವನ ಬೆನ್ನುನೋವು ಇಂದಿನ ಕೋಷ್ಟಕದಲ್ಲಿ ಎಷ್ಟು ಅಂಕ ಗಳಿಸೀತೆಂದು ಹೇಳಬಲ್ಲವರಾರು? ಐದು ತಿಂಗಳ ಪ್ರಯಾಣ ಇಪ್ಪತ್ತು ವರ್ಷಗಳ ಹಕ್ಕನ್ನೇ ಪಣಕ್ಕಿಡುತ್ತದೆ. ಈ ಕಾರಣಕ್ಕೇ ಹೊಸ ಅರ್ಜಿ ಹಾಕಿ ಎಂಬ ಸಲಹೆಯನ್ನು ಕೇಳಿ ಸುಮ್ಮನಾಗುವ ಮೊದಲು ಹಳೆಯ ರದ್ದತಿ ಆದೇಶವನ್ನು ಪ್ರಶ್ನಿಸಬೇಕು.

ಪ್ರಶ್ನಿಸುವ ದಾರಿ ಇದೆ. ಮೊದಲ ಮೆಟ್ಟಿಲು ಇಲಾಖೆಯ ಒಳಗೇ ಇದೆ. ಸೆಂಟರ್‌ಲಿಂಕ್‌ನ ತೀರ್ಮಾನವನ್ನು, ಅದನ್ನು ಕೈಗೊಂಡ ಸಿಬ್ಬಂದಿಯಲ್ಲದ ಬೇರೊಬ್ಬ ಅಧಿಕೃತ ಮರುಪರಿಶೀಲನಾಧಿಕಾರಿ ಹೊಸದಾಗಿ ನೋಡಬೇಕೆಂದು ಕೇಳುವುದು. ಅಲ್ಲಿ ಸೋತರೆ ನ್ಯಾಯಮಂಡಳಿ. 1976ರಿಂದ ಕೆಲಸ ಮಾಡುತ್ತಿದ್ದ ಆಡಳಿತಾತ್ಮಕ ಮೇಲ್ಮನವಿ ನ್ಯಾಯಮಂಡಳಿಯನ್ನು ಮುಚ್ಚಿ 2024ರ ಅಕ್ಟೋಬರ್ 14ರಿಂದ ಆಡಳಿತಾತ್ಮಕ ಮರುಪರಿಶೀಲನಾ ನ್ಯಾಯಮಂಡಳಿ ಎಂಬ ಹೊಸ ಸಂಸ್ಥೆಯನ್ನು ಸ್ಥಾಪಿಸಲಾಗಿದೆ. ಪಿಂಚಣಿಯ ವಿಷಯದಲ್ಲಿ ಅಲ್ಲಿ ಶುಲ್ಕವಿಲ್ಲ. ದೂರವಾಣಿಯಲ್ಲೂ ವಿಚಾರಣೆ ನಡೆಯುತ್ತದೆ, ದುಭಾಷಿಯನ್ನು ಕೇಳಬಹುದು, ವಕೀಲನಿಲ್ಲದೆಯೂ ಹೋಗಬಹುದು. ಅಲ್ಲಿಯೂ ಸೋತರೆ ಅದೇ ಮಂಡಳಿಯಲ್ಲಿ ಎರಡನೆಯ ಮರುಪರಿಶೀಲನೆಗೆ ಅವಕಾಶವಿದೆ. ಅದರಾಚೆ ಫೆಡರಲ್ ನ್ಯಾಯಾಲಯ, ಆದರೆ ಅದು ಕಾನೂನಿನ ಪ್ರಶ್ನೆಗೆ ಮಾತ್ರ. ಪಿಂಚಣಿ ಕಾನೂನನ್ನು ಬಲ್ಲ ಉಚಿತ ಕಾನೂನು ನೆರವು ಕೇಂದ್ರಗಳೂ ಆ ದೇಶದಲ್ಲಿವೆ. ತೀರ್ಮಾನ ಬರುವವರೆಗೆ ಪಾವತಿಯನ್ನು ಮುಂದುವರಿಸಿ ಎಂದು ಕೇಳಿಕೊಳ್ಳುವ ಅವಕಾಶವೂ ಕಾನೂನಿನಲ್ಲಿದೆ. ಕೇಳಿದವರಿಗೆಲ್ಲ ಅದು ಸಿಗದು, ಕೇಳದವರಿಗಂತೂ ಸಿಗುವುದೇ ಇಲ್ಲ.

ಕಾಲಮಿತಿಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ತೀರ್ಮಾನದ ಪತ್ರ ಸಿಕ್ಕಿದ 13 ವಾರಗಳೊಳಗೆ ಮರುಪರಿಶೀಲನೆ ಕೇಳಿದರೆ, ಗೆದ್ದಾಗ ಹಣ ನಿಂತ ದಿನದಿಂದಲೇ ಬಾಕಿ ಸಿಗುತ್ತದೆ. ಆ ಬಳಿಕ ಕೇಳಿದರೆ ಗೆದ್ದರೂ ಕೇಳಿದ ದಿನದಿಂದ ಮಾತ್ರ. ಊರಿನಲ್ಲಿದ್ದಾಗ ಪತ್ರ ಅಲ್ಲಿನ ಮನೆಯ ಬಾಗಿಲಿಗೆ ಬಂದು ಬಿದ್ದಿರುತ್ತದೆ. ನೆರೆಯವನು ಅದನ್ನು ತೆಗೆದಿಟ್ಟಿರುತ್ತಾನೆ. ಓದಿ ಹೇಳುವವರಿಲ್ಲ. ಹೀಗೆ ಕಳೆದುಹೋಗುವ ವಾರಗಳೇ ಬಹುಪಾಲು ಕುಟುಂಬಗಳ ನಷ್ಟ.

ಮೇಲ್ಮನವಿಯಲ್ಲಿ ಹೇಳಬೇಕಾದದ್ದೇನು? ಇಲ್ಲಿ ನಮ್ಮವರು ಎಡವುತ್ತಾರೆ. ತಾಯಿಯ ಸೇವೆ ಮಗನ ಕರ್ತವ್ಯವಲ್ಲವೇ, ಸಂಕಟದಲ್ಲಿರುವವನ ಅನ್ನಕ್ಕೆ ಕಲ್ಲು ಹಾಕುವುದು ನ್ಯಾಯವೇ ಎಂದು ಪುಟಗಟ್ಟಲೆ ಬರೆಯುತ್ತಾರೆ. ಅದರಲ್ಲಿ ಸತ್ಯವಿದೆ, ಆದರೆ ನ್ಯಾಯಮಂಡಳಿಗೆ ಕನಿಕರದಿಂದ ನಿಯಮ ಸಡಿಲಿಸುವ ಅಧಿಕಾರವಿಲ್ಲ. ಅದು ಇಲಾಖೆಯ ತೀರ್ಮಾನವನ್ನು ಬದಿಗಿಟ್ಟು ಇಡೀ ವಿಷಯವನ್ನು ಹೊಸದಾಗಿ ನೋಡಬಲ್ಲದು. ಕಾನೂನನ್ನೇ ಬದಿಗಿಡಲಾರದು. 28 ದಿನ ಮೀರಿದೆ, ಯಾವ ವಿನಾಯಿತಿಯೂ ಅನ್ವಯಿಸುವುದಿಲ್ಲ ಎಂದಾದರೆ ಮೇಲ್ಮನವಿ ಸೋಲುತ್ತದೆ. ಆದ್ದರಿಂದ ಹುಡುಕಬೇಕಾದದ್ದು ವಿನಾಯಿತಿಯನ್ನು.

ವಿನಾಯಿತಿಗಳಲ್ಲಿ ಮುಖ್ಯವಾದದ್ದು, ಮರಳಿ ಹೋಗಲು ಸಾಧ್ಯವೇ ಆಗಲಿಲ್ಲ ಎಂಬುದು. ಪಿಂಚಣಿದಾರನಿಗೆ ಅಥವಾ ಅವನ ಕುಟುಂಬದ ಸದಸ್ಯರಿಗೆ ಗಂಭೀರ ಅಪಘಾತ, ಗಂಭೀರ ಕಾಯಿಲೆ, ಆಸ್ಪತ್ರೆವಾಸ, ಕುಟುಂಬದವರ ಮರಣ, ದರೋಡೆಯಂಥ ಗಂಭೀರ ಅಪರಾಧಕ್ಕೆ ಬಲಿಯಾದದ್ದು, ನೈಸರ್ಗಿಕ ವಿಕೋಪ, ಯುದ್ಧ, ರಾಜಕೀಯ ಗಲಭೆ ಇಂಥವನ್ನು ಕಾನೂನು ಹೆಸರಿಸುತ್ತದೆ. ಇಂಥ ಘಟನೆಯಿಂದ ಸಕಾಲಕ್ಕೆ ಮರಳಲಾಗದಿದ್ದರೆ ಅವಧಿಯನ್ನು ವಿಸ್ತರಿಸಬಹುದು. ಆದರೆ ಇದರೊಳಗೆ ಒಂದು ಕಠಿಣ ಷರತ್ತು ಅಡಗಿದೆ. ಆ ಘಟನೆ ಅವನು ದೇಶದ ಹೊರಗಿದ್ದ ಅವಧಿಯಲ್ಲೇ ನಡೆದಿರಬೇಕು ಅಥವಾ ಆರಂಭವಾಗಿರಬೇಕು. ಹೊರಡುವ ಮೊದಲೇ ಇದ್ದ ಕಾಯಿಲೆ ಲೆಕ್ಕಕ್ಕಿಲ್ಲ. ತಾಯಿಗೆ ಕಾಯಿಲೆಯೆಂದು ತಿಳಿದು ಓಡಿಬಂದ ಮಗನಿಗಿಂತ, ವಿನೋದ ಪ್ರವಾಸಕ್ಕೆ ಬಂದಾಗ ಅಕಸ್ಮಾತ್ತಾಗಿ ತಾಯಿ ಕಾಯಿಲೆ ಬಿದ್ದ ಮಗನ ಪರವಾಗಿ ಈ ಕಾನೂನು ಹೆಚ್ಚು ಉದಾರವಾಗಿದೆ. ಇದನ್ನು ರೂಪಿಸಿದವರು ಯಾವ ಮನೆಯನ್ನು ಕಣ್ಣ ಮುಂದಿಟ್ಟುಕೊಂಡಿದ್ದರೋ ನಮಗೆ ತಿಳಿಯದು.

ನಾವು ಆರಂಭದಲ್ಲಿ ಹೇಳಿದ ಮಗನಿಗೆ ಈ ಷರತ್ತನ್ನು ಅನ್ವಯಿಸಿ ನೋಡೋಣ. ತಾಯಿ ಹಾಸಿಗೆ ಹಿಡಿದದ್ದು ಅವನು ಹೊರಡುವ ಮೊದಲೇ. ಆದ್ದರಿಂದ ಅದನ್ನಷ್ಟೇ ಬರೆದರೆ ಮನವಿ ಬಿದ್ದುಹೋಗುತ್ತದೆ. ಆದರೆ ಪಾರ್ಶ್ವವಾಯು ಬಡಿದದ್ದು ಅವನು ಇಲ್ಲಿದ್ದಾಗ, ಇಪ್ಪತ್ತನೆಯ ದಿನ. ಅದು ಹೊಸ ಘಟನೆ, ಗಡುವು ಮುಗಿಯುವ ಮೊದಲು ನಡೆದ ಘಟನೆ. ಇದನ್ನು ಹೇಳಬೇಕಾದದ್ದು ಆಸ್ಪತ್ರೆಯ ಕಾಗದ. ಯಾವ ದಿನಾಂಕದಂದು ದಾಖಲಾದರು, ಯಾವ ದಿನಾಂಕದಂದು ಬಿಡುಗಡೆಯಾದರು, ರೋಗ ಯಾವುದು, ಅದು ಹಳೆಯದೇ ಹೊಸದೇ, ರೋಗಿಯ ಆರೈಕೆಗೆ ಮಗ ಹತ್ತಿರವಿರುವುದು ಏಕೆ ಅನಿವಾರ್ಯವಾಗಿತ್ತು, ಬೇರೆ ಯಾರಿದ್ದರು, ಯಾರಿರಲಿಲ್ಲ. ನಮ್ಮ ಊರುಗಳ ವೈದ್ಯರು ಒಂದು ಚೀಟಿಯಲ್ಲಿ, ಇವರು ನನ್ನ ಚಿಕಿತ್ಸೆಯಲ್ಲಿದ್ದರು ಎಂದು ಒಂದು ಸಾಲು ಗೀಚಿ ಮೊಹರು ಒತ್ತಿ ಕೊಡುತ್ತಾರೆ. ಬ್ಯಾಂಕಿಗೆ, ಶಾಲೆಗೆ ಅದು ಸಾಕು. ನ್ಯಾಯಮಂಡಳಿಗೆ ಸಾಲದು. ಆಸ್ಪತ್ರೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಸಾರಾಂಶವನ್ನು ನಮ್ಮ ಮನೆಗಳಲ್ಲಿ ಔಷಧಿಯ ಚೀಲದೊಂದಿಗೆ ಎಸೆದುಬಿಡುವ ಅಭ್ಯಾಸವಿದೆ. ಒಂದು ಕಾಗದ ಒಂದು ಸಂಸಾರದ ವರ್ಷಗಳ ಅನ್ನವಾಗಬಹುದೆಂದು ಎಸೆಯುವವರಿಗೆ ಗೊತ್ತಿರುವುದಿಲ್ಲ.

ಮರಣದ ನಂತರದ ಎರಡು ತಿಂಗಳ ಬಗ್ಗೆ ಏನು? ಆಸ್ತಿಯ ಪಾಲು, ತಂಗಿಯ ನಿಕಾಹ್ ಕಾನೂನಿನ ಪಟ್ಟಿಯಲ್ಲಿಲ್ಲ. ಆ ದಿನಗಳ ಹಣ ಅವನಿಗೆ ಸಿಗಲಾರದು. ಆದರೆ ಆಸ್ಪತ್ರೆಯ ಮತ್ತು ಮರಣದ ಅವಧಿಗೆ ವಿಸ್ತರಣೆ ಸಿಕ್ಕಿದರೆ ಗೈರುಹಾಜರಿಯ ಲೆಕ್ಕವೇ ಬದಲಾಗುತ್ತದೆ, ರದ್ದತಿಯ ಆಧಾರವೂ ಅಲುಗಾಡಬಹುದು. ಭಾಗಶಃ ಗೆಲುವೂ ಗೆಲುವೇ. ನಾವು ಅವನಿಗೆ ಹೇಳುವುದಿಷ್ಟು, ಐದು ತಿಂಗಳನ್ನೂ ತಾಯಿಯ ಕಾಯಿಲೆಯ ಖಾತೆಗೆ ಹಾಕಬೇಡ. ಇದ್ದದ್ದನ್ನು ಇದ್ದ ಹಾಗೆ ದಿನಾಂಕ ಸಹಿತ ಹೇಳು.

ಎರಡನೆಯ ವಿನಾಯಿತಿ ತೀವ್ರ ಅಂಗವೈಕಲ್ಯದ್ದು. 2012ರ ಜುಲೈಯಿಂದ ಜಾರಿಯಲ್ಲಿರುವ ನಿಯಮದಂತೆ, ಊನವು ತೀವ್ರವಾಗಿದ್ದು, ಮುಂದಿನ ಐದು ವರ್ಷಗಳ ಕಾಲ ಸ್ವತಂತ್ರವಾಗಿ ಯಾವ ಕೆಲಸವನ್ನೂ ಮಾಡಲಾಗದು ಎಂದು ಇಲಾಖೆ ಒಪ್ಪಿದರೆ ಹೊರದೇಶದ ವಾಸಕ್ಕೆ ಮಿತಿಯಿಲ್ಲ. ಹುಟ್ಟಿನಿಂದಲೇ ಬುದ್ಧಿಮಾಂದ್ಯತೆಯಿರುವ ಮಗಳನ್ನು, ಕುತ್ತಿಗೆಯ ಕೆಳಗೆ ಸ್ವಾಧೀನವಿಲ್ಲದ ಮಗನನ್ನು ಕಟ್ಟಿಕೊಂಡು 28 ದಿನಗಳ ಲೆಕ್ಕಕ್ಕೆ ಹೆದರಿ ಊರಿಗೇ ಬಾರದ ತಾಯಂದಿರಿಗೆ ಈ ವಿಷಯ ತಿಳಿದಿರಬೇಕು. ಆದರೆ ಇದು ಹೊರಡುವ ಮೊದಲೇ ಕೇಳಿ ಪಡೆಯಬೇಕಾದದ್ದು. ಇಲ್ಲಿಗೆ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಇನ್ನೊಂದು ಬಗೆಯ ರದ್ದತಿಯೂ ಇದೆ. ದಿನಗಳ ಮಿತಿ ಮೀರಿದ್ದಕ್ಕಲ್ಲ, ನೀನು ಆಸ್ಟ್ರೇಲಿಯದ ನಿವಾಸಿಯೇ ಅಲ್ಲ ಎಂಬ ಕಾರಣಕ್ಕೆ. ವರ್ಷವರ್ಷವೂ ದೀರ್ಘಕಾಲ ಹೊರಗಿದ್ದವರಿಗೆ ಈ ಪತ್ರ ಬರುತ್ತದೆ. ಇಲ್ಲಿ ಕಾನೂನು ನೋಡುವುದು ಮನೆ ಎಲ್ಲಿದೆ ಮತ್ತು ಯಾವ ಬಗೆಯದು, ಹೆಂಡತಿ ಮಕ್ಕಳು ಎಲ್ಲಿದ್ದಾರೆ, ದುಡಿಮೆ ವ್ಯವಹಾರಗಳು ಎಲ್ಲಿವೆ, ಆಸ್ತಿ ಎಲ್ಲಿದೆ, ಎಷ್ಟು ಸಲ ಎಷ್ಟೆಷ್ಟು ಕಾಲ ಹೊರಗೆ ಹೋದ, ಶಾಶ್ವತವಾಗಿ ಅಲ್ಲಿರುವ ಉದ್ದೇಶವಿದೆಯೇ ಎಂಬುದನ್ನು. ಯಾವುದೋ ಒಂದೇ ಅಂಶ ತೀರ್ಮಾನ ಮಾಡುವುದಿಲ್ಲ, ಎಲ್ಲವನ್ನೂ ಒಟ್ಟಾಗಿ ತೂಗಲಾಗುತ್ತದೆ. ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಅಲ್ಲಿನ ವೈದ್ಯರ ಭೇಟಿಯ ದಾಖಲೆ, ಮಕ್ಕಳ ಶಾಲೆಯ ಪತ್ರ, ಮರಳುವ ವಿಮಾನದ ಟಿಕೆಟ್ ಇವೆಲ್ಲ ಆಗ ಮಾತನಾಡುತ್ತವೆ.

ಮರಳಲಾಗದಿರುವುದು ಎಂದರೇನು ಎಂಬುದನ್ನು 2021 ನಮಗೆ ತೋರಿಸಿಕೊಟ್ಟಿತು. ಆ ವರ್ಷದ ಏಪ್ರಿಲ್ ಕೊನೆಯಲ್ಲಿ ಭಾರತದಲ್ಲಿ ಕೊರೋನ ತಾಂಡವವಾಡುತ್ತಿದ್ದಾಗ ಆಸ್ಟ್ರೇಲಿಯ ಇಲ್ಲಿಂದ ಹೋಗುವ ವಿಮಾನಗಳನ್ನು ನಿಲ್ಲಿಸಿತು. ಅಷ್ಟಕ್ಕೇ ನಿಲ್ಲದೆ, ಹಿಂದಿನ 14 ದಿನಗಳಲ್ಲಿ ಭಾರತದಲ್ಲಿದ್ದವರು ಆ ದೇಶಕ್ಕೆ ಕಾಲಿಟ್ಟರೆ ಐದು ವರ್ಷಗಳವರೆಗೆ ಸೆರೆವಾಸ, 66 ಸಾವಿರ ಡಾಲರ್‌ವರೆಗೆ ದಂಡ ಎಂದು ಮೇ 3ರಿಂದ ಆಜ್ಞೆ ಹೊರಡಿಸಿತು. ಮೇ 15ರವರೆಗೆ ಅದು ಜಾರಿಯಲ್ಲಿತ್ತು. ತನ್ನದೇ ಪ್ರಜೆಗಳಿಗೆ ಮನೆಗೆ ಬಂದರೆ ಜೈಲು ಎಂದ ಸರಕಾರ, ಮನೆಗೆ ಬರಲಿಲ್ಲವೆಂದು ಯಾರ ಪಿಂಚಣಿಯನ್ನಾದರೂ ಕಿತ್ತುಕೊಳ್ಳುವುದು ನ್ಯಾಯವಾಗಲಾರದು. ಹಳೆಯ ಟಿಕೆಟ್‌ಗಳು, ವಿಮಾನ ರದ್ದಾದ ಸಂದೇಶಗಳು ಇನ್ನೂ ಫೋನಿನಲ್ಲಿದ್ದರೆ ಅಳಿಸಬೇಡಿ.

ಇಲಾಖೆ ಹೇಳಿದ್ದೇ ಅಂತಿಮವಲ್ಲವೇ, ಸರಕಾರದ ವಿರುದ್ಧ ಹೋದರೆ ಪೌರತ್ವಕ್ಕೆ ತೊಂದರೆಯಾಗದೇ ಎಂಬ ಅಂಜಿಕೆ ನಮ್ಮವರಲ್ಲಿ ಬೇರೂರಿದೆ. ಇದಕ್ಕೆ ಉತ್ತರ ಆಸ್ಟ್ರೇಲಿಯದ ಇತ್ತೀಚಿನ ಇತಿಹಾಸದಲ್ಲೇ ಇದೆ. 2015ರಿಂದ ಆರಂಭವಾಗಿ 'ರೋಬೋಡೆಟ್' ಎಂದು ಕುಖ್ಯಾತವಾದ ವ್ಯವಸ್ಥೆಯಲ್ಲಿ ಕಂಪ್ಯೂಟರು ವರ್ಷದ ಆದಾಯವನ್ನು ಸರಾಸರಿ ಹಾಕಿ, ನೀನು ಸರಕಾರಕ್ಕೆ ಇಷ್ಟು ಬಾಕಿಯಿದ್ದೀ ಎಂದು ಲಕ್ಷಾಂತರ ಬಡವರಿಗೆ ಪತ್ರ ಕಳಿಸಿತು. ಆ ಲೆಕ್ಕಕ್ಕೆ ಕಾನೂನಿನ ಆಧಾರವಿಲ್ಲವೆಂದು ನ್ಯಾಯಮಂಡಳಿಯ ಸದಸ್ಯ ಟೆರಿ ಕಾರ್ನಿ 2017ರಲ್ಲೇ ತೀರ್ಪು ನೀಡಿದ್ದರು. ಸರಕಾರ ಅದರ ವಿರುದ್ಧ ಮೇಲ್ಮನವಿ ಹೋಗಲಿಲ್ಲ, ಆದರೆ ಯೋಜನೆಯನ್ನೂ ನಿಲ್ಲಿಸಲಿಲ್ಲ. ಕಾರ್ನಿಯವರ ಅವಧಿ ನವೀಕರಣಗೊಳ್ಳಲಿಲ್ಲ. 2019ರ ನವೆಂಬರ್‌ನಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ಸರಕಾರವೇ ತಪ್ಪೊಪ್ಪಿಕೊಳ್ಳಬೇಕಾಯಿತು. 2020ರಲ್ಲಿ ಸುಮಾರು 4.70 ಲಕ್ಷ ಸಾಲಗಳಿಗೆ ಸಂಬಂಧಿಸಿ 72 ಕೋಟಿ ಡಾಲರ್ ಮರಳಿಸುವುದಾಗಿ ಅದು ಘೋಷಿಸಿತು. ಕ್ಯಾಥರೀನ್ ಹೋಮ್ಸ್ ನೇತೃತ್ವದ ರಾಯಲ್ ಕಮಿಷನ್ 2023ರ ಜುಲೈಯಲ್ಲಿ ನೀಡಿದ ವರದಿ ಸಚಿವರನ್ನೂ ಅಧಿಕಾರಿಗಳನ್ನೂ ಕಟುವಾಗಿ ಟೀಕಿಸಿತು. ಪತ್ರ ಬಂದ ಕೂಡಲೇ ಹೆದರಿ ಹಣ ಕಟ್ಟಿದವರು ಸಾವಿರಾರು. ಯಾವ ಕಾನೂನಿನಡಿ ಕೇಳುತ್ತಿದ್ದೀರಿ ಎಂದು ಮರುಪ್ರಶ್ನೆ ಹಾಕಿದ ಕೆಲವರಿಂದಲೇ ಅಷ್ಟು ದೊಡ್ಡ ಯೋಜನೆ ಕುಸಿದುಬಿತ್ತು.

ಇನ್ನು ನಮ್ಮ ಕಡೆಯ ತಪ್ಪುಗಳನ್ನೂ ಹೇಳದಿದ್ದರೆ ಈ ಬರಹ ಏಕಪಕ್ಷೀಯವಾದೀತು. ಮರಳುವ ದಿನಾಂಕ ಮೀರಿದಾಗ ನಮ್ಮವರಿಗೆ ಮೊದಲು ಹೊಳೆಯುವ ಉಪಾಯ ಪರಿಚಯದ ವೈದ್ಯರಿಂದ ಒಂದು ಸರ್ಟಿಫಿಕೇಟು. ಟೈಫಾಯ್ಡ್ ಎಂದೋ ಕಾಮಾಲೆ ಎಂದೋ ಬರೆಸಿಕೊಂಡರಾಯಿತು ಎಂಬ ಧೋರಣೆ. ಇದು ಸುಳ್ಳು, ಅಮಾನತ್ತಿಗೆ ಬಗೆಯುವ ದ್ರೋಹ. ಕೊಟ್ಟ ವೈದ್ಯನೂ ತಂದ ಬಂಧುವೂ ಪಾಲುದಾರರು. ಸಿಕ್ಕಿಬಿದ್ದರೆ ಅವನೊಬ್ಬನ ಪಿಂಚಣಿ ಮಾತ್ರ ಹೋಗುವುದಿಲ್ಲ, ನಾಳೆ ನಿಜವಾಗಿ ಮಗನನ್ನು ಕಾಯಿಸಿದ ಇನ್ನೊಬ್ಬ ತಾಯಿಯ ನಿಜವಾದ ಕಾಗದವನ್ನೂ ಅಧಿಕಾರಿ ಸಂಶಯದಿಂದ ನೋಡುತ್ತಾನೆ.

ಮದುವೆಯ ವಿಷಯವೂ ಇದೆ. ನಿಶ್ಚಿತಾರ್ಥಕ್ಕೊಮ್ಮೆ, ನಿಕಾಹ್‌ಗೊಮ್ಮೆ, ವಲೀಮಕ್ಕೊಮ್ಮೆ, ಆಮೇಲೆ ಬೀಗರ ಊಟಗಳಿಗೆ ಎಂದು ತಿಂಗಳುಗಟ್ಟಲೆ ಎಳೆಯುವ ನಮ್ಮ ಸಂಭ್ರಮಗಳ ಬಗ್ಗೆ ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇವೆ. ಪಿಂಚಣಿಯಲ್ಲಿ ಬದುಕುವ ಅಂಗವಿಕಲ ಅಣ್ಣನನ್ನು ಇನ್ನೆರಡು ವಾರ ಇದ್ದು ಹೋಗು ಎಂದು ಒತ್ತಾಯಿಸುವ ಮುನ್ನ, ಆ ಎರಡು ವಾರಗಳ ಬೆಲೆ ಅವನಿಗೆ ಎಷ್ಟೆಂದು ಕೇಳಿದ್ದೇವೆಯೇ? ಸಂಕೋಚದಿಂದ ಅವನು ಹೇಳುವುದಿಲ್ಲ. ಸರಕಾರದ ಹಣದಲ್ಲಿ ಬದುಕುತ್ತಾನೆಂಬ ಮಾತು ಎದ್ದೀತೆಂದು, ತನಗೆ ಅಲ್ಲಿ ಕೆಲಸವಿದೆ ಎಂದೇ ಊರಿನಲ್ಲಿ ಹೇಳಿಕೊಂಡಿರುತ್ತಾನೆ. ಅಂಗವೈಕಲ್ಯವನ್ನು ಅವಮಾನವೆಂದು ತಿಳಿಯುವ ಮನೆಯಲ್ಲಿ ಅವನ ಗಡುವಿನ ಮಾತು ಯಾರಿಗೂ ಕೇಳಿಸುವುದಿಲ್ಲ.

ಇಲ್ಲಿನ ಪರಿಸ್ಥಿತಿ ಇದಕ್ಕಿಂತ ಉತ್ತಮವೇನಲ್ಲ. ನಮ್ಮ ಕೇಂದ್ರ ಸರಕಾರದ ಅಂಗವಿಕಲರ ಪಿಂಚಣಿ ಯೋಜನೆಯಲ್ಲಿ ಶೇ. 80ರಷ್ಟು ಊನವಿರುವ ಬಡವನಿಗೆ ಕೇಂದ್ರ ನೀಡುವ ಪಾಲು 2012ರಲ್ಲಿ ತಿಂಗಳಿಗೆ 300 ರೂಪಾಯಿ ಆಯಿತು. ದಶಕ ಕಳೆದರೂ ಅಲ್ಲೇ ಉಳಿಯಿತು. ಅದಕ್ಕೆ ರಾಜ್ಯ ಸೇರಿಸುವ ಮೊತ್ತದಿಂದಲೇ ಅದಕ್ಕೊಂದು ಅರ್ಥ ಬರುವುದು. ಅದೂ ಒಂದು ತಿಂಗಳು ನಿಂತುಹೋದರೆ ನಾಡಕಚೇರಿಯ ಕಿಟಕಿಯ ಮುಂದೆ ಕೈಕಟ್ಟಿ ನಿಂತು, ನಾಳೆ ಬಾ ಎಂದರೆ ನಾಳೆ ಹೋಗಿ, ಕೊನೆಗೆ ಬಿಟ್ಟುಬಿಡುವವರೇ ಹೆಚ್ಚು. ಯಾಕೆ ನಿಲ್ಲಿಸಿದಿರಿ, ಲಿಖಿತವಾಗಿ ಕೊಡಿ ಎಂದು ಕೇಳುವವರು ವಿರಳ. ಊರಿನಲ್ಲಿ ಈ ಅಭ್ಯಾಸವಿಲ್ಲದವನಿಗೆ ಸಿಡ್ನಿಯಲ್ಲಿ ಅದು ಎಲ್ಲಿಂದ ಬಂದೀತು?

ಜಮಾಅತ್‌ಗಳು ಉಮ್ರಾ ಯಾತ್ರಿಕರಿಗೆ ಮಾಹಿತಿ ಶಿಬಿರ ನಡೆಸುತ್ತವೆ, ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿಕೊಡುತ್ತವೆ. ಅದೇ ಮೇಜಿನ ಮೇಲೆ ಇನ್ನೊಂದು ಕೆಲಸಕ್ಕೂ ಜಾಗವಿದೆ. ವಿದೇಶದಲ್ಲಿರುವ ಬಂಧುವಿಗೆ ಬೇಕಾದ ಆಸ್ಪತ್ರೆ ದಾಖಲೆ, ಮರಣ ಪ್ರಮಾಣಪತ್ರ, ಅವುಗಳ ಇಂಗ್ಲಿಷ್ ಅನುವಾದ ಇವನ್ನು ಸಕಾಲದಲ್ಲಿ ತೆಗೆಸಿ ಕಳಿಸಲು ನಗರಸಭೆಯ ಜನನ ಮರಣ ವಿಭಾಗದ ದಾರಿ ಬಲ್ಲ ಇಬ್ಬರು ಯುವಕರು ಸಾಕು. ನಮ್ಮ ಸನ್ನಿವೇಶದ ಮಗನ ಕೈಯಲ್ಲಿ ಪತ್ರವಿದೆ. ಅದು ಸಿಕ್ಕಿದ ದಿನದಿಂದ ಅವನಿಗಿರುವುದು 91 ದಿನ. ತಾಯಿ ಆಸ್ಪತ್ರೆಗೆ ದಾಖಲಾದ ದಿನಾಂಕವನ್ನು ತೋರಿಸುವ ಕಾಗದಕ್ಕಾಗಿ ಅವನು ಊರಿನಲ್ಲಿರುವ ತಂಗಿಗೆ ಫೋನ್ ಮಾಡುತ್ತಿದ್ದಾನೆ.